ಮೊಬೈಲ್ ತಂತ್ರಾಂಶದ ಗಾತ್ರ ಮತ್ತು ವ್ಯಾಪಾರದ ಲಾಭ-ನಷ್ಟ: ಬಹುವೇದಿಕೆ ಆ್ಯಪ್‌ಗಳನ್ನು ಹಗುರಗೊಳಿಸುವ ಕ್ರಮ



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳಿಗೆ ಮೊಬೈಲ್ ಫೋನ್ ಇಂದು ಮಾತನಾಡುವ ಸಾಧನವಾಗಿ ಮಾತ್ರ ಉಳಿದಿಲ್ಲವೆಂಬುದು ಸರ್ವವಿದಿತ. ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಇ-ಹರಾಜು ಪದ್ಧತಿ ಬಂದ ಮೇಲೆ ರೀಲರುಗಳು ಗೂಡಿನ ಬೆಲೆಯನ್ನು ಫೋನಿನಲ್ಲಿಯೇ ಕೂಗುತ್ತಿದ್ದಾರೆ. 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಸಂಸ್ಥೆ ಸ್ಥಾಪನೆಯಾದ ನಂತರ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆಗಳಲ್ಲಿಯೂ ಗಣಕೀಕೃತ ಹರಾಜು ರೂಢಿಗೆ ಬಂದಿತು. ಇವೆಲ್ಲವನ್ನೂ ಕಂಡ ನಮ್ಮ ಅನೇಕ ವರ್ತಕರು ತಮ್ಮದೇ ಆದ ಆ್ಯಪ್ ಮಾಡಿಸಿಕೊಂಡು, ಅದರ ಮೂಲಕ ಚಿಲ್ಲರೆ ಅಂಗಡಿಗಳಿಂದ ಬೇಡಿಕೆ ಪಡೆಯುವ ಪ್ರಯತ್ನದಲ್ಲಿದ್ದಾರೆ. ಆದರೆ ಹೀಗೆ ಮಾಡಿಸಿದ ಆ್ಯಪ್‌ಗಳಲ್ಲಿ ಹಲವು ಗ್ರಾಹಕರ ಫೋನಿನಲ್ಲಿ ಒಂದು ತಿಂಗಳೂ ಉಳಿಯುವುದಿಲ್ಲ. ಇದಕ್ಕೆ ಒಂದು ಮುಖ್ಯ ಕಾರಣ ಆ್ಯಪ್‌ನ ಗಾತ್ರ. ಈ ವಿಷಯವನ್ನು ಲೆಕ್ಕಪರಿಶೋಧಕನ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಲೆಕ್ಕಪರಿಶೋಧಕನಿಗೆ ತಂತ್ರಾಂಶದ ಗೊಡವೆ ಏಕೆ ಎಂದು ತಾವು ಕೇಳಬಹುದು. ಅದಕ್ಕೆ ಉತ್ತರ ಕೆಳಗಿನ ಪ್ರಸಂಗದಲ್ಲಿದೆ.

ಒಂದು ಪ್ರಸಂಗ

ನನ್ನ ಕಕ್ಷಿದಾರರೊಬ್ಬರು ಚಿಂತಾಮಣಿಯಲ್ಲಿ ತರಕಾರಿ ಬೀಜ, ಗೊಬ್ಬರ ಮತ್ತು ಕೀಟನಾಶಕಗಳ ಸಗಟು ವ್ಯಾಪಾರ ನಡೆಸುತ್ತಾರೆ. ನಾಲ್ಕೂ ತಾಲ್ಲೂಕುಗಳ ಹಳ್ಳಿ ಅಂಗಡಿಗಳಿಗೆ ಅವರಿಂದಲೇ ಸರಕು ಹೋಗುತ್ತದೆ. ವಾರ್ಷಿಕ ಲೆಕ್ಕಪರಿಶೋಧನೆಯ ಸಮಯದಲ್ಲಿ ಆ್ಯಪ್ ತಯಾರಿಕೆಗೆಂದು ದೊಡ್ಡ ಮೊತ್ತವೊಂದು ಖರ್ಚಾಗಿರುವುದು ಕಂಡುಬಂದಿತು. ಆದರೆ ಬೇಡಿಕೆ ಪುಸ್ತಕವನ್ನು ನೋಡಿದರೆ ಬಹುತೇಕ ಎಲ್ಲ ಬೇಡಿಕೆಗಳೂ ಹಿಂದಿನಂತೆಯೇ ದೂರವಾಣಿಯ ಮೂಲಕ ಬಂದು, ಗುಮಾಸ್ತರ ಕೈಬರಹದಲ್ಲಿಯೇ ದಾಖಲಾಗಿದ್ದವು. ಇದೇಕೆ ಹೀಗೆ ಎಂದು ವಿಚಾರಿಸಿದಾಗ ಅವರು ತಮ್ಮ ಹಳೆಯ ಗ್ರಾಹಕರೊಬ್ಬರಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಆ ಅಂಗಡಿಯವರು ಹೇಳಿದ್ದು ಇಷ್ಟೇ: "ಹಾಕ್ಕೊಂಡಿದ್ದೆ ಸಾರ್. ಫೋನಲ್ಲಿ ಜಾಗ ಇಲ್ಲ ಅಂತ ಬಂತು. ಮೊಮ್ಮಗಳ ಫೋಟೋ ತೆಗೀಬೇಕೋ, ಇದನ್ನ ತೆಗೀಬೇಕೋ ಅಂದಾಗ ಇದನ್ನೇ ತೆಗೆದುಬಿಟ್ಟೆ."

ಆ ಆ್ಯಪ್‌ನ ಕಡತದ ಗಾತ್ರ 78 ಎಂಬಿ ಇತ್ತು. ಅದರ ಕೆಲಸವೆಂದರೆ ಸರಕುಗಳ ಪಟ್ಟಿ ತೋರಿಸುವುದು, ಬೇಡಿಕೆ ಪಡೆಯುವುದು ಮತ್ತು ಬಾಕಿ ಹಣದ ವಿವರ ಕೊಡುವುದು. ನಾನು ವೃತ್ತಿಗೆ ಬಂದ ಹೊಸತರಲ್ಲಿ ಕಕ್ಷಿದಾರರ ಒಂದು ವರ್ಷದ ಲೆಕ್ಕ 1.44 ಎಂಬಿ ಸಾಮರ್ಥ್ಯದ ಒಂದು ಫ್ಲಾಪಿಯಲ್ಲಿ ನನ್ನ ಕಚೇರಿಗೆ ಬರುತ್ತಿತ್ತು. ಆ ಲೆಕ್ಕದಲ್ಲಿ 78 ಎಂಬಿ ಎಂದರೆ ಐವತ್ತನಾಲ್ಕು ಫ್ಲಾಪಿಗಳಿಗಿಂತಲೂ ಹೆಚ್ಚು. ಇಷ್ಟು ಜಾಗದಲ್ಲಿ ಏನಿದೆ ಎಂಬ ಕುತೂಹಲದಿಂದ ಆ್ಯಪ್ ತಯಾರಿಸಿದ ಯುವ ಎಂಜಿನಿಯರನ್ನು ಕರೆಸಿ ಎರಡು ಸಂಜೆ ಕುಳಿತು ವಿಚಾರಿಸಿದೆ. ಆಗ ತಿಳಿದುಬಂದ ಸಂಗತಿಗಳನ್ನೇ ಇಲ್ಲಿ ಕ್ರಮವಾಗಿ ನಿರೂಪಿಸುತ್ತಿದ್ದೇನೆ.

ಬಹುವೇದಿಕೆ ಚೌಕಟ್ಟು ಎಂದರೇನು?

ಆಂಡ್ರಾಯ್ಡ್ ಫೋನಿಗೆ ಒಂದು, ಐಫೋನಿಗೆ ಒಂದು ಎಂದು ಪ್ರತ್ಯೇಕವಾಗಿ ಆ್ಯಪ್ ಬರೆಸಿದರೆ ಖರ್ಚು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಇದನ್ನು ತಪ್ಪಿಸಲು ಒಮ್ಮೆ ಬರೆದ ಸಂಕೇತವನ್ನು ಹಲವು ವೇದಿಕೆಗಳಲ್ಲಿ ಓಡಿಸುವ ಚೌಕಟ್ಟುಗಳು ಬಂದಿವೆ. ಫೇಸ್‌ಬುಕ್ ಸಂಸ್ಥೆ 2015ರಲ್ಲಿ ಹೊರತಂದ ರಿಯಾಕ್ಟ್ ನೇಟಿವ್ ಹಾಗೂ ಗೂಗಲ್ ಸಂಸ್ಥೆಯ ಫ್ಲಟರ್ ಇವುಗಳಲ್ಲಿ ಪ್ರಮುಖವಾದವು. ಫ್ಲಟರ್‌ನ ಮೊದಲ ಪೂರ್ಣ ಆವೃತ್ತಿ 2018ರ ಡಿಸೆಂಬರಿನಲ್ಲಿ ಹೊರಬಂದಿತು. ಗಣಕಯಂತ್ರದ ತಂತ್ರಾಂಶಗಳಿಗೆ ಎಲೆಕ್ಟ್ರಾನ್ ಎಂಬ ಚೌಕಟ್ಟೂ ಬಳಕೆಯಲ್ಲಿದೆ.

ಈ ಅನುಕೂಲಕ್ಕೆ ಒಂದು ಬೆಲೆಯುಂಟು. ಆಯಾ ಫೋನಿಗೆಂದೇ ಬರೆದ ಆ್ಯಪ್, ಗುಂಡಿ, ಅಕ್ಷರ, ಪಟ್ಟಿ ಮುಂತಾದವುಗಳನ್ನು ತೋರಿಸಲು ಫೋನಿನಲ್ಲಿ ಈಗಾಗಲೇ ಇರುವ ಸೌಕರ್ಯವನ್ನು ಬಳಸುತ್ತದೆ. ಫ್ಲಟರ್ ಹಾಗಲ್ಲ, ಪರದೆಯ ಮೇಲಿನ ಪ್ರತಿಯೊಂದು ಚುಕ್ಕೆಯನ್ನೂ ತಾನೇ ಬಿಡಿಸುವ ಒಂದು ಎಂಜಿನ್ನನ್ನು ಆ್ಯಪ್‌ನ ಜೊತೆಯಲ್ಲಿಯೇ ಹೊತ್ತು ತರುತ್ತದೆ. ರಿಯಾಕ್ಟ್ ನೇಟಿವ್ ಜಾವಾಸ್ಕ್ರಿಪ್ಟ್ ಭಾಷೆಯನ್ನು ನಡೆಸುವ ಎಂಜಿನ್ನನ್ನು ತರುತ್ತದೆ. ಎಲೆಕ್ಟ್ರಾನ್ ಕ್ರೋಮಿಯಂ ಎಂಬ ಇಡೀ ಬ್ರೌಸರನ್ನೇ ತರುವುದರಿಂದ, ಸಣ್ಣದೊಂದು ಬಿಲ್ಲಿಂಗ್ ತಂತ್ರಾಂಶವೂ 100 ಎಂಬಿ ದಾಟುವುದು ಸಾಮಾನ್ಯ.

ಆದ್ದರಿಂದ ಪ್ರತಿಯೊಂದು ಚೌಕಟ್ಟಿಗೂ ಒಂದು ಕನಿಷ್ಠ ಗಾತ್ರವಿದ್ದೇ ಇರುತ್ತದೆ. ಫ್ಲಟರ್ ತಂಡದವರೇ 2021ರ ಮಾರ್ಚ್‌ನಲ್ಲಿ ಅಳೆದು ಪ್ರಕಟಿಸಿದ ಪ್ರಕಾರ, ಏನೂ ಕೆಲಸ ಮಾಡದ ಅತಿ ಚಿಕ್ಕ ಆಂಡ್ರಾಯ್ಡ್ ಆ್ಯಪ್‌ನ ಡೌನ್‌ಲೋಡ್ ಗಾತ್ರ 32 ಬಿಟ್ ಆರ್ಮ್ ಫೋನಿಗೆ ಸುಮಾರು 4.3 ಎಂಬಿ, 64 ಬಿಟ್ ಆರ್ಮ್ ಫೋನಿಗೆ ಸುಮಾರು 4.8 ಎಂಬಿ. ಇದು ಕಾರ್ಖಾನೆಯ ಬಾಡಿಗೆಯಿದ್ದಂತೆ. ಉತ್ಪಾದನೆ ಶೂನ್ಯವಾದರೂ ಕೊಡಲೇಬೇಕು. ಆದರೆ 4.8 ಎಲ್ಲಿ, 78 ಎಲ್ಲಿ? ನಡುವಿನ ಅಂತರದಲ್ಲಿ ಬಹುಪಾಲು ನಾವೇ ತುಂಬಿಸಿಕೊಂಡ ಹೊರೆ.

ಶಿಡ್ಲಘಟ್ಟದ ರೀಲರುಗಳಿಗೆ ರೆಂಡಿಟ್ಟಾ ಎಂಬ ಪದವನ್ನು ವಿವರಿಸಬೇಕಾಗಿಲ್ಲ. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕು ಎಂಬುದೇ ರೆಂಡಿಟ್ಟಾ. ಏಳು ಕಿಲೋ ಬೇಕಾದ ಕಡೆ ಎಂಟು ಕಿಲೋ ಹಿಡಿದರೆ ಲಾಭವೆಲ್ಲ ಅಲ್ಲಿಯೇ ಹೋಗುತ್ತದೆ. ತಂತ್ರಾಂಶಕ್ಕೂ ಇದೇ ಪ್ರಶ್ನೆಯನ್ನು ಕೇಳಬೇಕು: ಗ್ರಾಹಕನಿಗೆ ಉಪಯೋಗವಾಗುವ ಒಂದು ಎಂಬಿಗಾಗಿ ಅವನಿಂದ ಎಷ್ಟು ಎಂಬಿ ಹೊರಿಸುತ್ತಿದ್ದೇವೆ?

ಗಾತ್ರ ಹೆಚ್ಚಾದರೆ ನಷ್ಟವೇನು?

2017ರ ನವೆಂಬರಿನಲ್ಲಿ ಗೂಗಲ್ ಪ್ಲೇ ತಂಡ ತನ್ನ ಅಂಕಿ-ಅಂಶಗಳ ಆಧಾರದ ಮೇಲೆ ಒಂದು ವಿಶ್ಲೇಷಣೆ ಪ್ರಕಟಿಸಿತು. ಆ್ಯಪ್ ಕಡತದ ಗಾತ್ರ ಪ್ರತಿ 6 ಎಂಬಿ ಹೆಚ್ಚಿದಂತೆ, ಪುಟ ನೋಡಿದವರಲ್ಲಿ ಆ್ಯಪ್ ಹಾಕಿಕೊಳ್ಳುವವರ ಪ್ರಮಾಣ ಶೇಕಡಾ 1ರಷ್ಟು ಇಳಿಯುತ್ತದೆ ಎಂಬುದು ಅದರ ಸಾರಾಂಶ. ಭಾರತ, ಬ್ರೆಜಿಲ್‌ನಂತಹ ದೇಶಗಳಲ್ಲಿ 10 ಎಂಬಿ ಕಡಿಮೆ ಮಾಡಿದರೆ ಈ ಪ್ರಮಾಣ ಸುಮಾರು ಶೇಕಡಾ 2.5ರಷ್ಟು ಏರುತ್ತದೆಂದೂ ಅದರಲ್ಲಿ ಹೇಳಲಾಗಿತ್ತು. ಇದು ಎರಡು ಅಂಶಗಳ ನಡುವಿನ ಸಂಬಂಧವೇ ಹೊರತು ಖಚಿತ ಭರವಸೆಯಲ್ಲ. ಹಾಗೂ ಅಂದಿನ ಫೋನುಗಳ ಕಾಲದ ಲೆಕ್ಕ. ಆದರೂ ದಿಕ್ಕು ಸ್ಪಷ್ಟವಾಗಿದೆ.

ದೊಡ್ಡ ಸಂಸ್ಥೆಗಳು ಇದನ್ನು ಮೊದಲೇ ಅರಿತಿದ್ದವು. ಫೇಸ್‌ಬುಕ್ 2015ರಲ್ಲಿ ಲೈಟ್ ಆವೃತ್ತಿಯನ್ನು ತಂದಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಅದೇ ವರ್ಷದ ನವೆಂಬರಿನಲ್ಲಿ ಬ್ರೌಸರಿನಲ್ಲಿಯೇ ಆ್ಯಪ್‌ನಂತೆ ನಡೆಯುವ ಫ್ಲಿಪ್‌ಕಾರ್ಟ್ ಲೈಟ್ ತಂದಿತು. ಊಬರ್ ಸಂಸ್ಥೆ 2018ರಲ್ಲಿ 5 ಎಂಬಿಗಿಂತ ಚಿಕ್ಕದಾದ ಊಬರ್ ಲೈಟನ್ನು ಭಾರತದಲ್ಲಿಯೇ ಮೊದಲು ಬಿಡುಗಡೆ ಮಾಡಿತು. ಕೋಟಿಗಟ್ಟಲೆ ಗ್ರಾಹಕರುಳ್ಳವರೇ ಗಾತ್ರಕ್ಕೆ ಇಷ್ಟು ಬೆಲೆ ಕೊಟ್ಟಿರುವಾಗ, ಇನ್ನೂರು ಅಂಗಡಿಗಳನ್ನು ನಂಬಿರುವ ನಾವು ಅದನ್ನು ಕಡೆಗಣಿಸುವುದು ಸರಿಯಲ್ಲ.

ಮೊದಲು ತಾಳೆಪಟ್ಟಿ, ಆಮೇಲೆ ಕಡಿತ

ಯಾವ ಲೆಕ್ಕದಲ್ಲಾದರೂ ಖರ್ಚು ಎಲ್ಲಿ ಆಗಿದೆ ಎಂದು ತಿಳಿಯದೆ ಕಡಿತ ಮಾಡಲು ಹೊರಡಬಾರದು. ತಂತ್ರಾಂಶದಲ್ಲಿಯೂ ಹೀಗೆಯೇ. ಫ್ಲಟರ್‌ನಲ್ಲಿ ಆ್ಯಪ್ ಕಟ್ಟುವಾಗ 'ಅನಲೈಸ್ ಸೈಜ್' ಎಂಬ ಸೂಚನೆ ಕೊಟ್ಟರೆ ಯಾವ ಭಾಗ ಎಷ್ಟು ಜಾಗ ಹಿಡಿದಿದೆ ಎಂಬ ವರದಿ ದೊರೆಯುತ್ತದೆ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿರುವ 'ಎಪಿಕೆ ಅನಲೈಸರ್' ಯಾವುದೇ ಚೌಕಟ್ಟಿನ ಕಡತವನ್ನು ಬಿಚ್ಚಿ ತೋರಿಸುತ್ತದೆ. ನಮ್ಮ ಕಕ್ಷಿದಾರರ ಆ್ಯಪ್‌ನ ತಾಳೆಪಟ್ಟಿ ಸುಮಾರಾಗಿ ಹೀಗಿತ್ತು:

1. ಎಂಜಿನ್ ಮತ್ತು ಆ್ಯಪ್ ಸಂಕೇತ, ಮೂರು ಬಗೆಯ ಪ್ರೊಸೆಸರುಗಳಿಗೆ ಸೇರಿ — 46 ಎಂಬಿ
2. ಸರಕುಗಳ ಚಿತ್ರಗಳು — 17 ಎಂಬಿ
3. ಸಿದ್ಧ ಪ್ಯಾಕೇಜುಗಳು — 6 ಎಂಬಿ
4. ಸಂಸ್ಥೆಯ ಪರಿಚಯದ ವಿಡಿಯೋ — 5 ಎಂಬಿ
5. ಅಕ್ಷರ ವಿನ್ಯಾಸಗಳು, ಅಂದರೆ ಫಾಂಟುಗಳು — 4 ಎಂಬಿ

ಒಟ್ಟು — 78 ಎಂಬಿ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಾತ್ರ ಎಂಬ ಒಂದೇ ಪದಕ್ಕೆ ಮೂರು ಅರ್ಥಗಳಿವೆ. ಡೌನ್‌ಲೋಡ್ ಮಾಡುವಾಗ ಖರ್ಚಾಗುವುದು ಒಂದು. ಫೋನಿನಲ್ಲಿ ಸ್ಥಾಪನೆಯಾದ ಮೇಲೆ ಹಿಡಿಯುವ ಜಾಗ ಇನ್ನೊಂದು. ಬಳಸುತ್ತಾ ಹೋದಂತೆ ಶೇಖರವಾಗುವ ಚಿತ್ರ, ದಾಖಲೆಗಳ ಜಾಗ ಮೂರನೆಯದು. ಗ್ರಾಹಕನು ಆ್ಯಪ್ ತೆಗೆದುಹಾಕುವುದು ಹೆಚ್ಚಾಗಿ ಎರಡನೆಯ ಮತ್ತು ಮೂರನೆಯ ಕಾರಣಕ್ಕೆ. ತಂತ್ರಾಂಶ ತಯಾರಕರು ಸಾಮಾನ್ಯವಾಗಿ ಹೇಳುವುದು ಮೊದಲನೆಯ ಅಂಕಿಯನ್ನು. ಯಾವ ಗಾತ್ರವೆಂದು ಸ್ಪಷ್ಟವಾಗಿ ಕೇಳತಕ್ಕದ್ದು.

ಕಡಿತದ ಕ್ರಮಗಳು

*(ಅ) ಪರೀಕ್ಷಾ ರೂಪವೋ, ಬಿಡುಗಡೆ ರೂಪವೋ?* ಆ್ಯಪ್ ಕಟ್ಟುವುದರಲ್ಲಿ ಎರಡು ರೂಪಗಳಿವೆ. 'ಡೀಬಗ್' ರೂಪ ತಪ್ಪು ಹುಡುಕಲು ಎಂಜಿನಿಯರುಗಳು ಬಳಸುವಂತಹುದು. ಅದರಲ್ಲಿ ಹೆಚ್ಚುವರಿ ಸಾಮಗ್ರಿ ಬಹಳ, ಓಟವೂ ನಿಧಾನ. 'ರಿಲೀಸ್' ರೂಪ ಗ್ರಾಹಕರಿಗಾಗಿ. ಆತುರದಲ್ಲಿ ಡೀಬಗ್ ರೂಪವನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿಬಿಟ್ಟ ಉದಾಹರಣೆಗಳು ಉಂಟು. ತಮ್ಮ ಕೈಗೆ ಬಂದಿರುವುದು ರಿಲೀಸ್ ರೂಪವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

*(ಆ) ಒಂದು ಫೋನಿಗೆ ಒಂದೇ ಪ್ರೊಸೆಸರ್ ಸಾಕು.* ನಮ್ಮ ಪ್ರಸಂಗದಲ್ಲಿ ಅತಿ ದೊಡ್ಡ ಸೋರಿಕೆ ಇಲ್ಲಿಯೇ ಇತ್ತು. 32 ಬಿಟ್ ಆರ್ಮ್, 64 ಬಿಟ್ ಆರ್ಮ್ ಹಾಗೂ 64 ಬಿಟ್ ಎಕ್ಸ್86 ಎಂಬ ಮೂರೂ ಬಗೆಯ ಪ್ರೊಸೆಸರುಗಳಿಗೆ ಬೇಕಾದ ಸಂಕೇತವನ್ನು ಒಂದೇ ಕಡತದಲ್ಲಿ ಕಟ್ಟಿ ಎಲ್ಲರಿಗೂ ಕೊಡಲಾಗಿತ್ತು. ಯಾವುದೇ ಫೋನ್ ಇವುಗಳಲ್ಲಿ ಒಂದನ್ನು ಮಾತ್ರ ಬಳಸುತ್ತದೆ, ಉಳಿದೆರಡು ವ್ಯರ್ಥ. ಫ್ಲಟರ್‌ನಲ್ಲಿ 'ಸ್ಪ್ಲಿಟ್ ಪರ್ ಎಬಿಐ' ಎಂಬ ಸೂಚನೆಯಿಂದ ಮೂರು ಪ್ರತ್ಯೇಕ ಕಡತಗಳು ದೊರೆಯುತ್ತವೆ. ಇನ್ನೂ ಉತ್ತಮ ಮಾರ್ಗವೆಂದರೆ 'ಆ್ಯಪ್ ಬಂಡಲ್' ರೂಪದಲ್ಲಿ ಪ್ಲೇ ಸ್ಟೋರಿಗೆ ಒಪ್ಪಿಸುವುದು. ಆಗ ಪ್ರತಿಯೊಂದು ಫೋನಿಗೂ ಅದಕ್ಕೆ ಬೇಕಾದಷ್ಟನ್ನೇ ಪ್ಲೇ ಸ್ಟೋರ್ ಆರಿಸಿ ಕಳುಹಿಸುತ್ತದೆ. 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳಿಗೆ ಈ ರೂಪವನ್ನು ಗೂಗಲ್ ಕಡ್ಡಾಯಗೊಳಿಸಿದೆ.

ನಮ್ಮ ಕಕ್ಷಿದಾರರು ಪ್ಲೇ ಸ್ಟೋರಿಗೆ ಹೋಗದೆ ಕಡತವನ್ನು ನೇರವಾಗಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ್ದರು. ಇದರಿಂದ ಗಾತ್ರದ ನಷ್ಟವೊಂದೇ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತಗಳ ಮೂಲಕ ಬ್ಯಾಂಕ್ ಖಾತೆಗೆ ಕನ್ನ ಹಾಕುವ ವಂಚನೆಗಳು ನಡೆಯುತ್ತಿರುವ ಈ ಕಾಲದಲ್ಲಿ, ನಮ್ಮ ಗ್ರಾಹಕರಿಗೆ ಆ ಅಭ್ಯಾಸವನ್ನು ನಾವೇ ಕಲಿಸುವುದು ತರವಲ್ಲ.

*(ಇ) ಚಿತ್ರ ಮತ್ತು ವಿಡಿಯೋ.* ಬೀಜದ ಪೊಟ್ಟಣಗಳ ಚಿತ್ರಗಳು ಮುದ್ರಣಾಲಯಕ್ಕೆ ಕೊಡುವ ಗುಣಮಟ್ಟದಲ್ಲಿಯೇ ಆ್ಯಪ್‌ನೊಳಗೆ ಸೇರಿದ್ದವು. ಫೋನಿನ ಪರದೆಗೆ ಅಷ್ಟು ಸೂಕ್ಷ್ಮತೆ ಬೇಕಿಲ್ಲ. ಅಳತೆ ತಗ್ಗಿಸಿ, ವೆಬ್‌ಪಿ ಎಂಬ ರೂಪಕ್ಕೆ ಪರಿವರ್ತಿಸಿದಾಗ 17 ಎಂಬಿ 3 ಎಂಬಿಗೆ ಇಳಿಯಿತು. ವಿಡಿಯೋವನ್ನು ಸಂಪೂರ್ಣ ತೆಗೆದು, ಬೇಕಾದವರು ಅಂತರಜಾಲದಲ್ಲಿ ನೋಡುವಂತೆ ಮಾಡಲಾಯಿತು. ಆದರೆ ಎಲ್ಲ ಚಿತ್ರಗಳನ್ನೂ ಅಂತರಜಾಲಕ್ಕೆ ಸಾಗಿಸುವುದು ಸಲ್ಲದು. ಬೆಟ್ಟದ ತಪ್ಪಲಿನ ಕೆಲವು ಹಳ್ಳಿಗಳಲ್ಲಿ ಸಿಗ್ನಲ್ ದೊರೆಯುವುದೇ ಕಷ್ಟ. ಅಲ್ಲಿ ಖಾಲಿ ಚೌಕಗಳನ್ನು ನೋಡಿ ಯಾರೂ ಬೇಡಿಕೆ ಕೊಡುವುದಿಲ್ಲ. ಹೆಚ್ಚು ಮಾರಾಟವಾಗುವ ಸರಕಿನ ಚಿತ್ರ ಒಳಗೆ, ಅಪರೂಪದ್ದು ಹೊರಗೆ ಎಂಬ ನಿಯಮ ಸೂಕ್ತ. ಅಂಗಡಿಯಲ್ಲಿಯೂ ನಾವು ಮಾಡುವುದು ಅದನ್ನೇ ಅಲ್ಲವೇ?

*(ಈ) ಕನ್ನಡ ಅಕ್ಷರಗಳು.* ಈ ಅಂಶ ನಮ್ಮವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಆ ಆ್ಯಪ್‌ನಲ್ಲಿ ನಾಲ್ಕು ಬಗೆಯ ಫಾಂಟುಗಳು, ಒಂದೊಂದರಲ್ಲಿ ತೆಳು, ದಪ್ಪ ಎಂದು ಹಲವು ರೂಪಗಳಿದ್ದವು. ಇಂದಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುವುದರಿಂದ ದಿನಬಳಕೆಯ ಬರಹಕ್ಕೆ ಅದೇ ಸಾಕು. ಶೀರ್ಷಿಕೆಗಳಿಗೆ ಮಾತ್ರ ಒಂದು ಫಾಂಟ್ ಉಳಿಸಿಕೊಂಡು, ಅದರಲ್ಲಿಯೂ ಬೇಡದ ಚಿಹ್ನೆಗಳನ್ನು ತೆಗೆಯಲು ನಿರ್ಧರಿಸಲಾಯಿತು. ಮೊದಲ ಪ್ರಯತ್ನದಲ್ಲಿ ಒಂದು ಎಡವಟ್ಟಾಯಿತು. ಅಕ್ಷರಗಳನ್ನು ಮಾತ್ರ ಉಳಿಸಿ, ಅವುಗಳನ್ನು ಜೋಡಿಸುವ ನಿಯಮಗಳ ಕೋಷ್ಟಕವನ್ನು ಕತ್ತರಿಸಿದ್ದರಿಂದ ಒತ್ತಕ್ಷರಗಳೆಲ್ಲ ಒಡೆದುಹೋದವು. ಹೆಸರಿನ ಮುಂದೆ 'ಶ್ರೀ' ಇಲ್ಲದ ಅಂಗಡಿ ನಮ್ಮ ಕಡೆ ಅಪರೂಪ. ಆ 'ಶ್ರೀ' ಎಂಬುದೇ ತುಂಡಾಗಿ ಕಾಣಿಸಿತು. ಇಂಗ್ಲಿಷಿಗೆ ಸರಿಹೋಗುವ ಕಡಿತ ಕನ್ನಡಕ್ಕೆ ಸರಿಹೋಗದು. 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮೀ' ಮುಂತಾದ ಪದಗಳನ್ನು ಪರದೆಯ ಮೇಲೆ ಕಣ್ಣಾರೆ ನೋಡದೆ ಫಾಂಟ್ ಕಡಿತಕ್ಕೆ ಒಪ್ಪಿಗೆ ಕೊಡಬೇಡಿ.

*(ಉ) ಬಳಸದ ಪ್ಯಾಕೇಜುಗಳು.* ಎಂಜಿನಿಯರುಗಳು ಇತರರು ಬರೆದಿಟ್ಟ ಸಿದ್ಧ ಸಂಕೇತಗಳನ್ನು ಪ್ಯಾಕೇಜುಗಳ ರೂಪದಲ್ಲಿ ಸೇರಿಸಿಕೊಳ್ಳುತ್ತಾರೆ. ಇಲ್ಲಿ ನಕ್ಷೆ ತೋರಿಸುವ ಹಾಗೂ ಜಾಹೀರಾತು ಅಳೆಯುವ ಪ್ಯಾಕೇಜುಗಳು, ಜೊತೆಗೆ ಎಂದೂ ಪ್ರಾರಂಭವಾಗದ ಬಾರ್‌ಕೋಡ್ ಓದುವ ಸೌಲಭ್ಯ ಸೇರಿದ್ದವು. ಇವು ಗಾತ್ರದ ಪ್ರಶ್ನೆ ಮಾತ್ರವಲ್ಲ. ಬೇಡದ ಪ್ಯಾಕೇಜು ಗ್ರಾಹಕನ ಮಾಹಿತಿಯನ್ನು ಎಲ್ಲಿಗೋ ಕಳುಹಿಸುತ್ತಿದ್ದರೆ ಅದರ ಹೊಣೆ ಆ್ಯಪ್‌ನ ಮಾಲೀಕರ ಮೇಲೆಯೇ ಬರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಈ ದೃಷ್ಟಿಯಿಂದ ನೆನಪಿನಲ್ಲಿಡಬೇಕು. ಇನ್ನೊಂದು ಅಪಾಯವೂ ಉಂಟು. ಆಂಡ್ರಾಯ್ಡ್ 15 ಮತ್ತು ನಂತರದ ಆವೃತ್ತಿಗಳನ್ನು ಗುರಿಯಾಗಿಸಿಕೊಂಡ ಆ್ಯಪ್‌ಗಳು 16 ಕೆಬಿ ಪುಟಗಾತ್ರದ ಸ್ಮೃತಿಗೆ ಹೊಂದಿಕೊಳ್ಳಬೇಕೆಂಬ ಪ್ಲೇ ಸ್ಟೋರ್ ನಿಯಮವನ್ನು 2025ರ ನವೆಂಬರ್ 1ರಿಂದ ತರಲಾಯಿತು. ಯಾರೂ ನಿರ್ವಹಿಸದ ಹಳೆಯ ಪ್ಯಾಕೇಜೊಂದು ಒಳಗಿದ್ದರೆ, ಅದೊಂದರಿಂದಲೇ ಇಡೀ ಆ್ಯಪ್‌ನ ಪರಿಷ್ಕರಣೆ ನಿಂತುಹೋಗಬಹುದು.

*(ಊ) ಸಂಕೇತದ ಜರಡಿ.* ಆಂಡ್ರಾಯ್ಡ್ ಸಾಧನಗಳಲ್ಲಿ 'ಆರ್8' ಎಂಬ ಉಪಕರಣವಿದೆ; 2019ರಿಂದ ಇದು ಹಿಂದಿನ 'ಪ್ರೋಗಾರ್ಡ್' ಉಪಕರಣದ ಸ್ಥಾನಕ್ಕೆ ಬಂದಿತು. ಎಲ್ಲಿಂದಲೂ ಕರೆಯಲ್ಪಡದ ಸಂಕೇತವನ್ನು ಇದು ತೆಗೆದುಹಾಕುತ್ತದೆ. ಫ್ಲಟರ್ ಕೂಡ ಬಳಸದ ಸಂಕೇತವನ್ನೂ, ಬಳಸದ ಚಿತ್ರಸಂಕೇತಗಳನ್ನೂ ರಿಲೀಸ್ ರೂಪದಲ್ಲಿ ತಾನಾಗಿಯೇ ಉದುರಿಸುತ್ತದೆ. ಆದರೆ ಜರಡಿಯಲ್ಲಿ ಕಾಳೂ ಜಾರಿಹೋಗುವ ಸಂಭವವಿದೆ. ಹೆಸರಿನ ಮೂಲಕ ಪರೋಕ್ಷವಾಗಿ ಕರೆಯಲ್ಪಡುವ ಸಂಕೇತ ಉಪಕರಣದ ಕಣ್ಣಿಗೆ ಬೀಳದೆ ಕಡಿತಕ್ಕೆ ಒಳಗಾಗಿ, ಹಣ ಪಾವತಿಯ ಪುಟದಲ್ಲಿ ಆ್ಯಪ್ ನಿಂತುಬಿಡಬಹುದು. ಉಳಿಸಿಕೊಳ್ಳಬೇಕಾದುದರ ಪಟ್ಟಿಯನ್ನು ಎಂಜಿನಿಯರ್ ಬರೆಯಬೇಕು. ಪರೀಕ್ಷೆಯನ್ನು ರಿಲೀಸ್ ರೂಪದ ಮೇಲೆಯೇ ನಡೆಸಬೇಕು.

*(ಋ) ಚಿಹ್ನೆಗಳ ಬೇರ್ಪಡಿಕೆ.* ತಪ್ಪು ಸಂಭವಿಸಿದಾಗ ಅದು ಯಾವ ಸಾಲಿನಲ್ಲಿ ಆಯಿತು ಎಂದು ತಿಳಿಸುವ ಹೆಸರುಗಳ ಪಟ್ಟಿ ಸಂಕೇತದೊಳಗೇ ಇರುತ್ತದೆ. 'ಸ್ಪ್ಲಿಟ್ ಡೀಬಗ್ ಇನ್ಫೋ' ಎಂಬ ಸೂಚನೆಯಿಂದ ಅದನ್ನು ಬೇರೆ ಕಡತಕ್ಕೆ ಸಾಗಿಸಿ ಆ್ಯಪ್ ಹಗುರ ಮಾಡಬಹುದು. ಆದರೆ ಆ ಬೇರೆ ಕಡತ ಕಳೆದುಹೋದರೆ ಮುಂದೆ ಬರುವ ದೋಷವರದಿಗಳನ್ನು ಯಾರೂ ಓದಲಾರರು. ಅದು ಬೀರುವಿನ ಬೀಗದ ಕೈ ಇದ್ದಂತೆ. ಪ್ರತಿ ಬಿಡುಗಡೆಯ ಚಿಹ್ನೆ ಕಡತವನ್ನೂ ತಮ್ಮ ವಶಕ್ಕೆ ಪಡೆದು ಆವೃತ್ತಿಯ ಸಂಖ್ಯೆಯೊಡನೆ ಜೋಪಾನ ಮಾಡಿ.

ರಿಯಾಕ್ಟ್ ನೇಟಿವ್ ಬಳಸುವವರಿಗೆ ಒಂದು ಮಾತು. ಆಂಡ್ರಾಯ್ಡ್‌ಗಾಗಿ ಫೇಸ್‌ಬುಕ್ 2019ರಲ್ಲಿ ಹರ್ಮಿಸ್ ಎಂಬ ಹಗುರ ಎಂಜಿನ್ನನ್ನು ಬಹಿರಂಗಪಡಿಸಿತು. ಮ್ಯಾಟರ್‌ಮೋಸ್ಟ್ ಎಂಬ ಆ್ಯಪ್‌ನ ಮೇಲೆ ಪ್ರಯೋಗಿಸಿದಾಗ ಗಾತ್ರ 41 ಎಂಬಿಯಿಂದ 22 ಎಂಬಿಗೆ ಇಳಿದುದನ್ನು ಆಗ ತೋರಿಸಲಾಗಿತ್ತು. 2022ರ 0.70ನೆಯ ಆವೃತ್ತಿಯಿಂದ ಹರ್ಮಿಸ್ ತಾನಾಗಿಯೇ ಸೇರಿಬರುತ್ತದೆ. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ತಮ್ಮ ಆ್ಯಪ್ ಇದ್ದರೆ ಚೌಕಟ್ಟಿನ ಪರಿಷ್ಕರಣೆಯಿಂದಲೇ ಸಾಕಷ್ಟು ಉಳಿತಾಯ ಸಾಧ್ಯ.

ಎಂಜಿನ್ನನ್ನೇ ಮರುಕಟ್ಟಬಹುದೇ?

ಚೌಕಟ್ಟಿನ ಮೂಲ ಸಂಕೇತ ಬಹಿರಂಗವಾಗಿರುವುದರಿಂದ, ಎಂಜಿನ್ನಿನಿಂದಲೇ ಬೇಡದ ಭಾಗಗಳನ್ನು ಕೈಬಿಟ್ಟು, ವೇಗಕ್ಕಿಂತ ಗಾತ್ರಕ್ಕೆ ಆದ್ಯತೆ ಕೊಡುವಂತೆ ಹೊಸದಾಗಿ ಕಟ್ಟುವುದೂ ಸಾಧ್ಯ. ಕೆಲವು ದೊಡ್ಡ ಸಂಸ್ಥೆಗಳು ಹೀಗೆ ಮಾಡುತ್ತವೆ. ನಮ್ಮಂತಹವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಇದರಿಂದ ಉಳಿಯುವುದು ಕೆಲವೇ ಎಂಬಿ. ಚೌಕಟ್ಟಿನ ಪ್ರತಿ ಹೊಸ ಆವೃತ್ತಿಗೂ, ಪ್ರತಿ ಭದ್ರತಾ ಪರಿಷ್ಕರಣೆಗೂ ಇಡೀ ಕೆಲಸವನ್ನು ಪುನಃ ಮಾಡಬೇಕಾಗುತ್ತದೆ. ಮಾಡಿಕೊಟ್ಟ ಎಂಜಿನಿಯರ್ ಕೆಲಸ ಬಿಟ್ಟರೆ ಮುಂದುವರಿಸುವವರು ಸಿಗುವುದಿಲ್ಲ. ಒಂದು ಬಾರಿಯ ಉಳಿತಾಯಕ್ಕಾಗಿ ಪ್ರತಿ ವರ್ಷದ ಖರ್ಚನ್ನು ತಲೆಗೆ ಕಟ್ಟಿಕೊಂಡಂತಾಗುತ್ತದೆ.

ಫಲಿತಾಂಶ ಮತ್ತು ಲೆಕ್ಕಾಚಾರ

ಮೇಲ್ಕಂಡ ಕ್ರಮಗಳ ನಂತರ 64 ಬಿಟ್ ಆರ್ಮ್ ಫೋನಿನ ಲೆಕ್ಕ ಹೀಗೆ ನಿಂತಿತು: ಎಂಜಿನ್ ಮತ್ತು ಸಂಕೇತ 14 ಎಂಬಿ, ಚಿತ್ರಗಳು 3 ಎಂಬಿ, ಪ್ಯಾಕೇಜುಗಳು 1.5 ಎಂಬಿ, ಫಾಂಟ್ 0.5 ಎಂಬಿ, ಒಟ್ಟು 19 ಎಂಬಿ. ಅಂದರೆ ಹಿಂದಿನ ಗಾತ್ರದ ಕಾಲು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ಆ್ಯಪ್ ಮಾಡುವ ಕೆಲಸದಲ್ಲಿ ಗ್ರಾಹಕನಿಗೆ ಯಾವ ಕೊರತೆಯೂ ಆಗಲಿಲ್ಲ.

ಇಂತಹ ಕೆಲಸಕ್ಕೆ ಖರ್ಚು ಮಾಡುವುದು ಲಾಭವೇ ಎಂಬುದನ್ನು ತಾವೇ ಲೆಕ್ಕ ಹಾಕಬಹುದು. ಉದಾಹರಣೆಗೆ, ಶುಲ್ಕ ರೂ. 25,000 ಎಂದು ಇಟ್ಟುಕೊಳ್ಳೋಣ. ಇದರ ಮೇಲೆ ಶೇಕಡಾ 18ರ ದರದಲ್ಲಿ ಜಿಎಸ್‌ಟಿ ರೂ. 4,500. ಆ್ಯಪ್ ಬಿಟ್ಟುಹೋದ 40 ಅಂಗಡಿಗಳು ಮರಳಿ ಬಂದು ವಾರಕ್ಕೊಂದು ಬೇಡಿಕೆ ಕೊಟ್ಟರೆ ತಿಂಗಳಿಗೆ 160 ಬೇಡಿಕೆಗಳು. ಒಂದು ಬೇಡಿಕೆಯನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಲು ಗುಮಾಸ್ತರಿಗೆ 10 ನಿಮಿಷ ಹಿಡಿದರೆ, ಉಳಿಯುವ ಸಮಯ 1,600 ನಿಮಿಷ, ಅಂದರೆ ಸುಮಾರು 26.7 ಗಂಟೆ. ಗಂಟೆಗೆ ರೂ. 100ರಂತೆ ಇದರ ಬೆಲೆ ಸುಮಾರು ರೂ. 2,670. ಹತ್ತು ತಿಂಗಳೊಳಗೆ ಶುಲ್ಕ ಹಿಂತಿರುಗಿದಂತಾಯಿತು. ಫೋನಿನಲ್ಲಿ ತಪ್ಪಾಗಿ ಕೇಳಿಸಿಕೊಂಡು ಬೇರೆ ತಳಿಯ ಬೀಜ ಕಳುಹಿಸಿ ವಾಪಸು ತರಿಸುವ ಖರ್ಚು ಈ ಲೆಕ್ಕದಲ್ಲಿ ಸೇರಿಲ್ಲ.

ಪಾವತಿಸಿದ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ ಎಲ್ಲರಿಗೂ ಪೂರ್ಣವಾಗಿ ದೊರೆಯುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಅದು ಇಲ್ಲವೇ ಇಲ್ಲ. ಬಿತ್ತನೆ ಬೀಜಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ, ಬೀಜವನ್ನೂ ತೆರಿಗೆಯುಳ್ಳ ಗೊಬ್ಬರವನ್ನೂ ಒಟ್ಟಿಗೆ ಮಾರುವವರು ಜಮೆಯನ್ನು ವಹಿವಾಟಿನ ಅನುಪಾತದಲ್ಲಿ ವಿಭಾಗಿಸಬೇಕು. ಲೆಕ್ಕಪುಸ್ತಕದಲ್ಲಿ, ಹೊಸ ಆ್ಯಪ್ ಅಗೋಚರ ಆಸ್ತಿಯಾಗಿ ದಾಖಲಾಗಬಹುದಾದರೂ, ಇರುವ ಆ್ಯಪ್‌ನ ಗಾತ್ರ ತಗ್ಗಿಸುವ ಕೆಲಸ ಸಾಮಾನ್ಯವಾಗಿ ಆಯಾ ವರ್ಷದ ನಿರ್ವಹಣಾ ವೆಚ್ಚವೇ ಆಗುತ್ತದೆ.

ಕರಾರು ಪತ್ರದಲ್ಲಿ ಇರಬೇಕಾದ ಅಂಶಗಳು

ಇಷ್ಟೆಲ್ಲ ಹೊರೆ ಮೊದಲೇ ಏಕೆ ಬಂದಿತು ಎಂದರೆ, ಕಾರಣ ಸರಳ. ಕಕ್ಷಿದಾರರ ಕರಾರಿನಲ್ಲಿ ಗಾತ್ರದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕೇಳದಿದ್ದುದನ್ನು ತಯಾರಕರು ಕೊಡಲಿಲ್ಲ. ಆದ್ದರಿಂದ ಮುಂದೆ ಆ್ಯಪ್ ಮಾಡಿಸುವ ಸದಸ್ಯರು ಈ ಕೆಳಗಿನ ಅಂಶಗಳನ್ನು ಬರವಣಿಗೆಯಲ್ಲಿ ಸೇರಿಸುವುದು ಒಳಿತು:

1. ಸ್ಥಾಪನೆಯಾದ ನಂತರದ ಗಾತ್ರದ ಗರಿಷ್ಠ ಮಿತಿ ಇಷ್ಟು ಎಂಬಿ. ಪ್ರತಿ ಆವೃತ್ತಿಯೊಡನೆ ಗಾತ್ರದ ವಿಶ್ಲೇಷಣಾ ವರದಿ.
2. ಪ್ಲೇ ಸ್ಟೋರಿಗೆ ಆ್ಯಪ್ ಬಂಡಲ್ ರೂಪದಲ್ಲಿ, ತಮ್ಮದೇ ಸಂಸ್ಥೆಯ ಖಾತೆಯಲ್ಲಿ ಒಪ್ಪಿಸುವುದು.
3. ಬಳಸಿದ ಎಲ್ಲ ಪ್ಯಾಕೇಜುಗಳ ಪಟ್ಟಿ, ಪ್ರತಿಯೊಂದರ ಉಪಯೋಗ ಮತ್ತು ಪರವಾನಗಿಯ ವಿವರ.
4. ಮೂಲ ಸಂಕೇತ, ಸಹಿ ಕೀಲಿ ಮತ್ತು ಚಿಹ್ನೆ ಕಡತಗಳ ಹಸ್ತಾಂತರ.
5. ತಮ್ಮ ಗ್ರಾಹಕರಲ್ಲಿ ಅತಿ ಹಳೆಯ ಫೋನ್ ಹೊಂದಿರುವ ಮೂವರ ಫೋನಿನಲ್ಲಿ ಪರೀಕ್ಷೆ. ಅದು ತೃಪ್ತಿಕರವಾದ ನಂತರವೇ ಕೊನೆಯ ಕಂತಿನ ಪಾವತಿ.
6. ಕೃತಿಸ್ವಾಮ್ಯದ ಲಿಖಿತ ವರ್ಗಾವಣೆ.

ಕೊನೆಯ ಅಂಶದ ಬಗ್ಗೆ ಎರಡು ಮಾತು. ಹಣ ಕೊಟ್ಟು ಮಾಡಿಸಿದ ಮಾತ್ರಕ್ಕೆ ಸಂಕೇತ ತಮ್ಮದಾಗುವುದೆಂದು ಅನೇಕರು ಭಾವಿಸಿದ್ದಾರೆ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಹೊರಗಿನ ಗುತ್ತಿಗೆದಾರನು ಬರೆದ ತಂತ್ರಾಂಶದ ಮೊದಲ ಒಡೆಯ ಸಾಮಾನ್ಯವಾಗಿ ಆತನೇ. 19ನೆಯ ಪ್ರಕರಣದಂತೆ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಡನೆ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಪರಿಗಣಿಸಲಾಗುತ್ತದೆ. ಸಂಕೇತ ಕೈಯಲ್ಲಿಲ್ಲದಿದ್ದರೆ, ಗಾತ್ರ ತಗ್ಗಿಸಲು ಬೇರೆಯವರ ಬಳಿಗೆ ಹೋಗುವ ಸ್ವಾತಂತ್ರ್ಯವೂ ಇರುವುದಿಲ್ಲ.

ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

*ಪ್ರಶ್ನೆ: ಈಗಿನ ಫೋನುಗಳಲ್ಲಿ 128 ಜಿಬಿ ಇರುವಾಗ ಈ ಚಿಂತೆ ಏಕೆ?*
ಉತ್ತರ: ತಮ್ಮ ಫೋನಿನಲ್ಲಿ ಇರಬಹುದು. ತಮ್ಮ ಗ್ರಾಹಕನ ಫೋನನ್ನು ನೋಡಿ ನಿರ್ಧರಿಸಿ. ಮಗ ಬಳಸಿ ಬಿಟ್ಟ ಹಳೆಯ ಫೋನು ತಂದೆಯ ಅಂಗಡಿಗೆ ಬರುವುದು ನಮ್ಮಲ್ಲಿ ರೂಢಿ.

*ಪ್ರಶ್ನೆ: ಆ್ಯಪ್ ಇಲ್ಲದೆಯೇ ಕೆಲಸ ನಡೆಯುವುದಿಲ್ಲವೇ?*
ಉತ್ತರ: ಅನೇಕ ಸಂದರ್ಭಗಳಲ್ಲಿ ನಡೆಯುತ್ತದೆ. ದರಪಟ್ಟಿ ನೋಡಿ ಬೇಡಿಕೆ ಕೊಡುವುದಷ್ಟೇ ಆದರೆ, ಬ್ರೌಸರಿನಲ್ಲಿ ತೆರೆಯುವ ಹಗುರ ಪುಟವೇ ಸಾಕು. ಗಾತ್ರದ ಪ್ರಶ್ನೆಯೇ ಬಹುಮಟ್ಟಿಗೆ ಉದ್ಭವಿಸದು. ಸಿಗ್ನಲ್ ಇಲ್ಲದ ಕಡೆ ದೀರ್ಘಕಾಲ ಕೆಲಸ ಮಾಡಬೇಕಾದಾಗ, ಅಥವಾ ತೂಕದ ಯಂತ್ರ, ಮುದ್ರಣ ಯಂತ್ರಗಳೊಡನೆ ಜೋಡಿಸಬೇಕಾದಾಗ ಆ್ಯಪ್ ಸಮರ್ಥನೀಯ.

*ಪ್ರಶ್ನೆ: ಒಮ್ಮೆ ತಗ್ಗಿಸಿದರೆ ಸಾಕೇ?*
ಉತ್ತರ: ಸಾಲದು. ಪ್ರತಿ ಹೊಸ ಸೌಲಭ್ಯದೊಡನೆ ಗಾತ್ರ ಮತ್ತೆ ಏರುತ್ತದೆ. ದಾಸ್ತಾನು ಪರಿಶೀಲನೆಯಂತೆ ಪ್ರತಿ ಬಿಡುಗಡೆಯಲ್ಲಿಯೂ ಗಾತ್ರವನ್ನು ದಾಖಲಿಸಿ, ಹಿಂದಿನದರೊಡನೆ ಹೋಲಿಸಬೇಕು.

ಉಪಸಂಹಾರ

ಕೊನೆಯದಾಗಿ, ಚಿಂತಾಮಣಿಯ ಕಕ್ಷಿದಾರರ ವಿಷಯವನ್ನು ಇದ್ದಂತೆಯೇ ಹೇಳುವುದು ನನ್ನ ಕರ್ತವ್ಯ. ಹಗುರವಾದ ಆ್ಯಪ್ ಬಂದ ಮೇಲೆ ಬಿಟ್ಟುಹೋದ ಅಂಗಡಿಗಳಲ್ಲಿ ಹಲವು ಮರಳಿ ಬಂದವು; ಎಲ್ಲವೂ ಬರಲಿಲ್ಲ. ಕೆಲವು ಹಿರಿಯ ಅಂಗಡಿಯವರು ಈಗಲೂ ಫೋನ್ ಮಾಡಿಯೇ ಬೇಡಿಕೆ ಕೊಡುತ್ತಾರೆ, ಏಕೆಂದರೆ ಅವರಿಗೆ ಬೇಡಿಕೆಯ ಜೊತೆಗೆ ಟೊಮೆಟೊ ಧಾರಣೆಯ ಬಗ್ಗೆಯೂ ಮಾತನಾಡಬೇಕು. ಅದನ್ನು ಯಾವ ತಂತ್ರಾಂಶವೂ ಬದಲಿಸಲಾರದು, ಬದಲಿಸಬೇಕಾಗಿಯೂ ಇಲ್ಲ. ಆದರೆ ಆ್ಯಪ್ ಬಳಸಲು ಇಷ್ಟವಿದ್ದೂ ಫೋನಿನಲ್ಲಿ ಜಾಗವಿಲ್ಲದೆ ಕೈಬಿಟ್ಟವರನ್ನು ಕಳೆದುಕೊಳ್ಳುವುದು ನಮ್ಮ ಕೈಯಾರೆ ಮಾಡಿಕೊಂಡ ನಷ್ಟ.

ಸದಸ್ಯರು ಈ ಸಂಚಿಕೆಯನ್ನು ಓದಿ ಮುಗಿಸಿದ ಕೂಡಲೇ ತಮ್ಮ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ತಮ್ಮದೇ ಸಂಸ್ಥೆಯ ಆ್ಯಪ್ ಎಷ್ಟು ಜಾಗ ಹಿಡಿದಿದೆ ಎಂದು ನೋಡಲಿ. ಆ ಅಂಕಿಯನ್ನು ಬರೆದಿಟ್ಟುಕೊಂಡು ತಂತ್ರಾಂಶ ತಯಾರಕರನ್ನು ಕರೆಸಿ, ಇದರಲ್ಲಿ ಯಾವುದಕ್ಕೆ ಎಷ್ಟು ಎಂದು ತಾಳೆಪಟ್ಟಿ ಕೇಳಲಿ. ಕೇಳುವುದಕ್ಕೆ ತಂತ್ರಜ್ಞಾನದ ಪದವಿ ಬೇಕಾಗಿಲ್ಲ; ಪ್ರತಿ ರೂಪಾಯಿಗೂ ಲೆಕ್ಕ ಕೇಳುವ ವ್ಯಾಪಾರಿಯ ಅಭ್ಯಾಸವೇ ಸಾಕು.